ವಿಕಿಗೆ ಸ್ಪ್ಯಾಮ್ ಕಾಟ: ಯಾವ ತಡೆ ಯಾರಿಗೆ ಸರಿ?

ಊರಿನ ಇತಿಹಾಸಕ್ಕೋ, ಕಾಲೇಜಿನ ವಿಭಾಗಕ್ಕೋ, ಹವ್ಯಾಸದ ಗುಂಪಿಗೋ ಒಂದು ವಿಕಿ (ಓದುವವರೇ ಬರೆದು ತಿದ್ದಬಹುದಾದ ತಾಣ) ಕಟ್ಟಿದವರು ಸ್ವಲ್ಪ ದಿನದಲ್ಲೇ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ರಮ್ಮಿ ಆ್ಯಪ್, ಸಾಲ ಕೊಡುವ ಕಂಪನಿ, ತೂಕ ಇಳಿಸುವ ಮಾತ್ರೆ. ಇವುಗಳ ಲಿಂಕು ತುಂಬಿದ ಪುಟಗಳು ರಾತ್ರೋರಾತ್ರಿ ಹುಟ್ಟಿಕೊಳ್ಳುತ್ತವೆ. ಅಳಿಸಿದಷ್ಟೂ ಬರುತ್ತವೆ. ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಅವರ ಸಂಪರ್ಕದ ಗುರುತು ಸಂಖ್ಯೆ, ಬ್ಲಾಕ್ ಮಾಡಬೇಕಾ? ಬರೆಯುವವರು ಮನುಷ್ಯರೇ ಅಂತ ಪರೀಕ್ಷಿಸುವ ಕ್ಯಾಪ್ಚಾ ಹಾಕಬೇಕಾ? ಲಾಗಿನ್ ಇಲ್ಲದೆ ಯಾರೂ ಬರೆಯಬಾರದು ಅಂತ ಬಾಗಿಲು ಮುಚ್ಚಬೇಕಾ?

ಈ ಆಯ್ಕೆಗಳನ್ನು ಇಲ್ಲಿ ಒಂದೊಂದಾಗಿ ಅಳೆದು ನೋಡೋಣ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಬೇರೆ ಎಷ್ಟೋ ಸಣ್ಣ ವಿಕಿಗಳೂ ಅದರ ಮೇಲೇ ನಡೆಯುವುದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಲಿಂಕನ್ನು ತಡೆಯಿರಿ. ಆಮೇಲೆ ಖಾತೆಯನ್ನು. ಐಪಿ ವಿಳಾಸಕ್ಕೆ ಕಟ್ಟಕಡೆಗೆ ಕೈ ಹಾಕಿ, ಅದೂ ಸ್ವಲ್ಪ ಹೊತ್ತಿಗೆ ಮಾತ್ರ.

ಯಾವುದರಿಂದ ಅಳೆಯುವುದು

ಎಲ್ಲಕ್ಕಿಂತ ಮೊದಲ ಪ್ರಶ್ನೆ: ಈ ತಡೆಯಿಂದ ಪಕ್ಕದವರಿಗೆ ಎಷ್ಟು ಪೆಟ್ಟು ಬೀಳುತ್ತದೆ? ಕನ್ನಡದ ವಿಕಿಗಳಲ್ಲಿ ನಿತ್ಯ ಬರೆಯುವವರು ಮೊದಲೇ ಕಡಿಮೆ. ಊರ ದೇವಸ್ಥಾನದ ಶಾಸನದ ಬಗ್ಗೆ ನಾಲ್ಕು ಸಾಲು ಸೇರಿಸಲು ಬಂದ ನಿವೃತ್ತ ಮೇಷ್ಟ್ರಿಗೆ 'ನಿಮ್ಮನ್ನು ತಡೆಹಿಡಿಯಲಾಗಿದೆ' ಅಂತ ಕಂಡರೆ ಅವರು ಮತ್ತೆ ಬರುವುದಿಲ್ಲ. ದೂರು ಕೊಡುವುದೂ ಇಲ್ಲ. ಹಾಗಾಗಿ ಎಷ್ಟು ಜನ ಹಾಗೆ ವಾಪಸ್ ಹೋದರು ಅನ್ನುವುದು ನಿಮಗೆ ಗೊತ್ತಾಗುವುದೇ ಇಲ್ಲ. ಸ್ಪ್ಯಾಮ್ ಆದರೆ ಕಣ್ಣಿಗೆ ಕಾಣುತ್ತದೆ, ಅಳಿಸಬಹುದು. ಈ ನಷ್ಟ ಕಾಣುವುದಿಲ್ಲ. ತೂಕ ಹಾಕುವಾಗ ಇದನ್ನು ಮರೆಯಬೇಡಿ.

ಎರಡನೆಯದು, ತಪ್ಪಾಗಿ ಸಿಕ್ಕಿಬಿದ್ದವರಿಗೆ ಹೊರಬರುವ ದಾರಿ ಇದೆಯಾ? ಮೂರನೆಯದು, ಸ್ಪ್ಯಾಮ್ ಹಾಕುವವರು ಇದನ್ನು ಎಷ್ಟು ಬೇಗ ದಾಟುತ್ತಾರೆ? ಅವರು ಒಂದು ನಿಮಿಷದಲ್ಲಿ ದಾಟಿಹೋಗಿ, ಬೇರೆಯವರು ಒಂದು ವರ್ಷ ಹೊರಗೆ ನಿಲ್ಲುವ ಹಾಗಿದ್ದರೆ ಆ ತಡೆ ಇದ್ದೂ ದಂಡ. ನಾಲ್ಕನೆಯದು ನಿಮ್ಮ ಸಮಯ. ದಿನಾ ಅರ್ಧ ಗಂಟೆ ಕೊಡುವವರು ಇದ್ದಾರಾ, ವಾರಕ್ಕೊಮ್ಮೆ ಇಣುಕುವವರು ಮಾತ್ರವಾ? ಕೊನೆಯದಾಗಿ, ಸರ್ವರ್ ನಿಮ್ಮ ಕೈಯಲ್ಲಿದೆಯಾ? ನಿರ್ವಾಹಕ ಹಕ್ಕು ಮಾತ್ರ ಇರುವವರಿಗೆ ಸಿಗುವ ಆಯ್ಕೆಗಳು ಬೇರೆ.

ದುಡ್ಡಿನ ವಿಷಯ ಇಲ್ಲಿ ಚಿಕ್ಕದು. ಮೀಡಿಯಾವಿಕಿಗೆ ಜೋಡಿಸಿಕೊಳ್ಳಲು ಇಲ್ಲಿ ಹೇಳುವ ಎಕ್ಸ್‌ಟೆನ್ಶನ್‌ಗಳೆಲ್ಲ ಉಚಿತ. ಖರ್ಚಾಗುವುದು ಜನರ ಹೊತ್ತು.

ಎದುರಿಗಿರುವುದು ಯಾರು

ಸ್ಪ್ಯಾಮ್ ಅಂತ ನಾವು ಕರೆಯುವುದರಲ್ಲಿ ಮೂರು ಬಗೆ ಇದೆ. ಒಂದು, ತಾವೇ ಓಡುವ ತಂತ್ರಾಂಶಗಳು, ಅಂದರೆ ಬಾಟ್‌ಗಳು. ಇವು ತಾವೇ ಖಾತೆ ತೆರೆದು, ತಮ್ಮ ಸದಸ್ಯ ಪುಟದಲ್ಲೇ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆದು, ಕೊನೆಗೆ ಒಂದು ಲಿಂಕು ಇಟ್ಟು ಹೋಗುತ್ತವೆ. ಎರಡು, ಕೂಲಿಗೆ ಲಿಂಕು ಹಾಕುವ ಮನುಷ್ಯರು. ಇವರು ಒಳ್ಳೆಯ ಲೇಖನದ ಮಧ್ಯೆ ಆಧಾರದ ರೂಪದಲ್ಲಿ ಲಿಂಕು ತೂರಿಸುತ್ತಾರೆ. ಮೂರನೆಯವರು ಸ್ಪ್ಯಾಮರ್‌ಗಳೇ ಅಲ್ಲ. ತಮ್ಮ ಯಕ್ಷಗಾನ ಮೇಳದ ಬಗ್ಗೆ, ತಮ್ಮ ಟ್ಯೂಷನ್ ಕ್ಲಾಸಿನ ಬಗ್ಗೆ ಫೋನ್ ನಂಬರ್ ಸಮೇತ ಬರೆಯುವ ಹೊಸಬರು. ಅವರಿಗೆ ವಿಕಿಯ ರೀತಿ ಗೊತ್ತಿಲ್ಲ, ಅಷ್ಟೇ.

ಮೂರನೆಯವರನ್ನು ಬಾಟ್‌ನ ಹಾಗೆ ನೋಡಿದರೆ ದೊಡ್ಡ ನಷ್ಟ. ಮೇಳದ ಬಗ್ಗೆ ಬರೆದವರಿಗೆ ತೆಂಕುತಿಟ್ಟಿನ ಬಗ್ಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ, ಅಲ್ವಾ? ಅವರ ಚರ್ಚೆ ಪುಟದಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಏನು ತೆಗೆದಿರಿ, ಯಾಕೆ ತೆಗೆದಿರಿ, ಬದಲಿಗೆ ಏನು ಬರೆಯಬಹುದು ಅಂತ. ಬ್ಲಾಕ್ ಗುಂಡಿ ಅಲ್ಲಿಗೆ ಬೇಕಾಗಿಲ್ಲ.

ಇನ್ನೊಂದು ಮಾತು. ಗೂಗಲ್, ಯಾಹೂ, ಎಂಎಸ್‌ಎನ್ ಸೇರಿ 2005ರ ಜನವರಿಯಲ್ಲಿ 'ನೋಫಾಲೋ' ಎಂಬ ಗುರುತು ತಂದವು. ಈ ಗುರುತಿರುವ ಲಿಂಕಿನಿಂದ ಹುಡುಕಾಟದಲ್ಲಿ ಮೇಲೆ ಬರಲು ಲಾಭವಿಲ್ಲ. ಇಂಗ್ಲಿಷ್ ವಿಕಿಪೀಡಿಯ 2007ರಲ್ಲಿ ಹೊರಗಿನ ಎಲ್ಲ ಲಿಂಕಿಗೂ ಇದನ್ನು ಹಾಕಿತು. ಮೀಡಿಯಾವಿಕಿಯಲ್ಲಿ ಇದು ಮೊದಲಿಂದಲೇ ಚಾಲೂ ಇರುತ್ತದೆ, ತೆಗೆಯಬೇಡಿ. ಆದರೆ ಇದರಿಂದ ಸ್ಪ್ಯಾಮ್ ನಿಲ್ಲುತ್ತದೆ ಅಂತ ನಂಬಬೇಡಿ. ಬಾಟ್‌ಗಳು ಇದನ್ನೆಲ್ಲ ನೋಡಿ ಬರುವುದಿಲ್ಲ.

ಐಪಿ ಬ್ಲಾಕ್: ಎಲ್ಲರೂ ಮೊದಲು ಹಿಡಿಯುವ ಆಯುಧ

ಇದನ್ನೇ ಮೊದಲು ಅಳೆಯೋಣ. ಜಾಸ್ತಿ ಹಾನಿ ಆಗುವುದು ಇಲ್ಲೇ.

2006ರ ಕೊನೆಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ನಿರ್ವಾಹಕರೊಬ್ಬರು ಸ್ಪ್ಯಾಮ್ ಬರುತ್ತಿದ್ದ ಒಂದು ಐಪಿ ವಿಳಾಸವನ್ನು ಬ್ಲಾಕ್ ಮಾಡಿದರು. ಆ ಹೊತ್ತಿಗೆ ಕತಾರ್ ದೇಶದ ಹೆಚ್ಚು ಕಡಿಮೆ ಎಲ್ಲರ ಇಂಟರ್ನೆಟ್ ಬಳಕೆಯೂ ಆ ಒಂದೇ ವಿಳಾಸದಿಂದ ಹೊರಗೆ ಬರುತ್ತಿತ್ತು. ಖಾತೆ ಇಲ್ಲದೆ ಬರೆಯುವುದು ಇಡೀ ದೇಶಕ್ಕೆ ನಿಂತಿತು. ಗೊತ್ತಾದ ಮೇಲೆ ಬೇಗ ತೆಗೆದರು. ಕತಾರಿನಲ್ಲಿ ನಮ್ಮ ಕರಾವಳಿಯ ಜನ ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು.

ಅದು ಹಳೆಯ ಕಥೆ ಅಂತ ಬಿಡುವ ಹಾಗಿಲ್ಲ. ಇವತ್ತು ಭಾರತದಲ್ಲಿ ಬಹುತೇಕ ಜನ ಮೊಬೈಲ್ ಡೇಟಾದಿಂದಲೇ ವಿಕಿಗೆ ಬರುತ್ತಾರೆ. ಹಳೆಯ ಮಾದರಿಯ ಐಪಿ ವಿಳಾಸಗಳು, ಅಂದರೆ ಐಪಿವಿ4, ಎಲ್ಲರಿಗೂ ಸಾಕಾಗುವಷ್ಟು ಇಲ್ಲ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಬಹಳ ಫೋನುಗಳಿಗೆ ಹಂಚುತ್ತವೆ. ಈ ಹಂಚಿಕೆಗೆಂದೇ 2012ರಲ್ಲಿ ಒಂದು ವಿಳಾಸ ಗುಚ್ಛವನ್ನು ಬೇರೆ ತೆಗೆದಿಟ್ಟರು, ಅಷ್ಟು ಸಾಮಾನ್ಯ ಇದು. ಸ್ಪ್ಯಾಮ್ ಹಾಕಿದವರು ಡೇಟಾ ಆಫ್ ಮಾಡಿ ಆನ್ ಮಾಡಿದರೆ ಅವರಿಗೆ ಬೇರೆ ವಿಳಾಸ ಸಿಗುತ್ತದೆ. ನೀವು ಬ್ಲಾಕ್ ಮಾಡಿದ ವಿಳಾಸಕ್ಕೆ ಹಾವೇರಿಯ ಯಾರೋ ಕಾಲೇಜು ಹುಡುಗಿ ಬಂದು ಕೂರುತ್ತಾಳೆ. ನಮ್ಮ ಮೂರನೆಯ ಅಳತೆಯಲ್ಲಿ ಇದು ಸಂಪೂರ್ಣ ಫೇಲು.

ವಿಳಾಸಗಳ ಇಡೀ ಗುಚ್ಛವನ್ನೇ ತಡೆಯುವ ರೇಂಜ್ ಬ್ಲಾಕ್ ಇನ್ನೂ ಭಾರ. ಗುಚ್ಛದ ಗಾತ್ರವನ್ನು ಓರೆಗೆರೆಯ ಮುಂದಿನ ಸಂಖ್ಯೆ ಹೇಳುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಗುಚ್ಛ ದೊಡ್ಡದು. /24 ಅಂತ ಹಾಕಿದರೆ 256 ವಿಳಾಸ. ಮೀಡಿಯಾವಿಕಿ ಸಾಮಾನ್ಯವಾಗಿ ಬಿಡುವ ಅತಿ ದೊಡ್ಡ ಐಪಿವಿ4 ಗುಚ್ಛ /16, ಅಂದರೆ 65,536 ವಿಳಾಸ. ಒಂದೊಂದು ವಿಳಾಸದ ಹಿಂದೆ ಎಷ್ಟು ಫೋನು ಅಂತ ಯೋಚಿಸಿ. ಮೊಬೈಲ್ ಕಂಪನಿಯ /16 ಬ್ಲಾಕ್ ಮಾಡುವುದು ಎಂದರೆ ಗೊತ್ತಿಲ್ಲದೆ ಜಿಲ್ಲೆಗಟ್ಟಲೆ ಜನರನ್ನು ಹೊರಗೆ ಹಾಕಿದಂತೆ.

ಐಪಿವಿ6 ವಿಷಯ ಇದಕ್ಕೆ ಉಲ್ಟಾ, ಬಹಳ ಜನ ಇಲ್ಲಿ ಎಡವುತ್ತಾರೆ. ಉದ್ದನೆಯ, ನಡುನಡುವೆ ಎರಡು ಚುಕ್ಕಿ ಬರುವ ವಿಳಾಸ ಕಂಡರೆ ಅದು ಐಪಿವಿ6. ಇಲ್ಲಿ ಒಂದೇ ಸಂಪರ್ಕಕ್ಕೆ ಸಾಮಾನ್ಯವಾಗಿ ಒಂದು ಇಡೀ /64 ಗುಚ್ಛ ಕೊಟ್ಟಿರುತ್ತಾರೆ. ಆ ಗುಚ್ಛದೊಳಗೆ ಫೋನು ತಾನೇ ವಿಳಾಸ ಬದಲಿಸುತ್ತಾ ಇರುತ್ತದೆ. ಒಂಟಿ ಐಪಿವಿ6 ವಿಳಾಸ ಬ್ಲಾಕ್ ಮಾಡಿ ಪ್ರಯೋಜನವಿಲ್ಲ. /64 ಹಾಕಿ. ಸಂಖ್ಯೆ ನೋಡಿದರೆ ಹೆದರಿಕೆ ಆಗುತ್ತದೆ, ಆದರೆ ಅದರ ಹಿಂದೆ ಸಾಮಾನ್ಯವಾಗಿ ಇರುವುದು ಒಂದು ಮನೆ ಅಥವಾ ಒಂದು ಫೋನು. ಈ ದೃಷ್ಟಿಯಿಂದ ಐಪಿವಿ4ರ ಒಂದು ವಿಳಾಸಕ್ಕಿಂತ ಐಪಿವಿ6ರ /64 ಎಷ್ಟೋ ನಿರಪಾಯ.

ಐಪಿ ಬ್ಲಾಕ್ ಮಾಡಲೇಬೇಕು ಅನ್ನುವ ಸಂದರ್ಭ ಬರುತ್ತದೆ. ನಿಮಿಷಕ್ಕೊಂದರಂತೆ ಪುಟ ಹುಟ್ಟುತ್ತಿದ್ದರೆ ಬೇರೆ ದಾರಿ ಇರುವುದಿಲ್ಲ. ಆಗ ಬ್ಲಾಕ್ ಪುಟದಲ್ಲಿ ನಾಲ್ಕು ವಿಷಯ ನೋಡಿ. ಅವಧಿ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಈ ವಿಳಾಸದಿಂದ ಲಾಗಿನ್ ಆದವರನ್ನೂ ತಡೆಯುವ ಟಿಕ್ ಬೇಡ. ಆ ಟಿಕ್ ಇಲ್ಲದಿದ್ದರೆ ಖಾತೆ ಇರುವ ಹಳಬರಿಗೆ ತೊಂದರೆ ಆಗುವುದಿಲ್ಲ. ಹೊಸ ಖಾತೆ ತೆರೆಯುವುದನ್ನು ತಡೆಯುವ ಟಿಕ್ ಇರಲಿ, ಇಲ್ಲದಿದ್ದರೆ ಬಾಟ್ ಖಾತೆ ತೆರೆದುಕೊಂಡು ಮುಂದುವರಿಯುತ್ತದೆ. ಚರ್ಚೆ ಪುಟದಲ್ಲಿ ಬರೆಯುವ ಹಕ್ಕನ್ನು ಮಾತ್ರ ಕಿತ್ತುಕೊಳ್ಳಬೇಡಿ. ತಪ್ಪಾಗಿ ಸಿಕ್ಕಿಬಿದ್ದವರು ದನಿ ಎತ್ತಬೇಕಾದ್ದು ಅಲ್ಲೇ.

ಡೇಟಾ ಸೆಂಟರ್‌ಗಳ ವಿಳಾಸ ಬೇರೆ ಲೆಕ್ಕ. ಬಾಡಿಗೆ ಸರ್ವರ್‌ನಿಂದ ಕೂತು ವಿಕಿ ತಿದ್ದುವವರು ಕಡಿಮೆ. ಅಲ್ಲಿಗೆ ತಿಂಗಳುಗಟ್ಟಲೆ ಬ್ಲಾಕ್ ಹಾಕುವುದನ್ನು ನಾನು ಒಪ್ಪುತ್ತೇನೆ. ಆದರೂ ವಿಪಿಎನ್ ಬಳಸುವವರು, ಆಫೀಸಿನ ನೆಟ್‌ವರ್ಕಿನಿಂದ ಬರುವ ಬೆಂಗಳೂರಿನ ಟೆಕ್ಕಿಗಳು, 2021ರಲ್ಲಿ ಬಂದ ಆ್ಯಪಲ್‌ನ ಪ್ರೈವೇಟ್ ರಿಲೇ ಆನ್ ಮಾಡಿಕೊಂಡ ಐಫೋನ್ ಬಳಕೆದಾರರು ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ನಂಬಿಕೆ ಇರುವವರಿಗೆ ಐಪಿ ಬ್ಲಾಕ್‌ನಿಂದ ವಿನಾಯಿತಿ ಕೊಡುವ ಹಕ್ಕು ಮೀಡಿಯಾವಿಕಿಯಲ್ಲಿದೆ. ಕೇಳಿದವರಿಗೆ ಸತಾಯಿಸದೆ ಕೊಡಿ.

ವಿಕಿಪೀಡಿಯ ನಡೆಸುವ ವಿಕಿಮೀಡಿಯಾ ಸಂಸ್ಥೆ 2024ರಿಂದ ತನ್ನ ವಿಕಿಗಳಲ್ಲಿ ಹಂತಹಂತವಾಗಿ ತಾತ್ಕಾಲಿಕ ಖಾತೆಗಳನ್ನು ತಂದಿದೆ. ಲಾಗಿನ್ ಆಗದೆ ಬರೆದವರ ಐಪಿ ಎಲ್ಲರ ಕಣ್ಣಿಗೂ ಬೀಳುವ ಬದಲು ಒಂದು ತಾತ್ಕಾಲಿಕ ಹೆಸರು ಕಾಣುತ್ತದೆ. ಐಪಿಯನ್ನೇ ನಂಬಿ ಕೆಲಸ ಮಾಡುವ ಅಭ್ಯಾಸ ಬಿಡುವುದಕ್ಕೆ ಇದೂ ಒಂದು ಕಾರಣ.

ಖಾತೆ ಬ್ಲಾಕ್, ಅದರ ಹಿಂದಿನ ಆಟೋಬ್ಲಾಕ್

ಬರೀ ಲಿಂಕು ಹಾಕಲೆಂದೇ ಹುಟ್ಟಿದ ಖಾತೆಯನ್ನು ಶಾಶ್ವತವಾಗಿ ಬ್ಲಾಕ್ ಮಾಡಿದರೆ ಯಾರಿಗೂ ನಷ್ಟವಿಲ್ಲ. ಅದು ಸೃಷ್ಟಿಸಿದ ಪುಟಗಳನ್ನೆಲ್ಲ 'ನ್ಯೂಕ್' ಸಾಧನದಿಂದ ಒಂದೇ ಸಲ ಅಳಿಸಬಹುದು. ಇಷ್ಟು ಸುಲಭ. ಆದರೆ ಇಲ್ಲೊಂದು ಟಿಕ್ ಇದೆ, ಆಟೋಬ್ಲಾಕ್ ಅಂತ. ಅದು ಆನ್ ಇದ್ದರೆ ಆ ಖಾತೆ ಕೊನೆಗೆ ಬಳಸಿದ ಐಪಿಯನ್ನೂ, ಬ್ಲಾಕ್ ಆದ ಮೇಲೆ ಮತ್ತೆ ಬರೆಯಲು ಪ್ರಯತ್ನಿಸಿದ ಐಪಿಯನ್ನೂ ತಂತ್ರಾಂಶ ತಾನೇ ತಡೆಯುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 24 ಗಂಟೆ.

ಕಾಲೇಜಿನಲ್ಲಿ ವಿಕಿ ಕಾರ್ಯಾಗಾರ ನಡೆಸುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಇಡೀ ಲ್ಯಾಬ್ ಒಂದೇ ಐಪಿಯಿಂದ ಹೊರಗೆ ಹೋಗುತ್ತದೆ. ಒಬ್ಬ ಹುಡುಗ ತಮಾಷೆಗೆ ಏನೋ ಲಿಂಕು ಹಾಕಿದ. ದೂರದಲ್ಲಿ ಕೂತ ನಿರ್ವಾಹಕರು ಅವನ ಖಾತೆಯನ್ನು ಆಟೋಬ್ಲಾಕ್ ಸಮೇತ ಬ್ಲಾಕ್ ಮಾಡಿದರು. ಲ್ಯಾಬಿನ ಉಳಿದವರೆಲ್ಲ, ಲಾಗಿನ್ ಆಗಿದ್ದರೂ ಕೂಡ, ಆ ದಿನ ಬರೆಯುವ ಹಾಗಿಲ್ಲ. ಕಂಡದ್ದು ಗೊತ್ತಿಲ್ಲದ ಯಾರದೋ ಹೆಸರಿನ ಬ್ಲಾಕ್ ಸಂದೇಶ. ಬಿಡಿಸಲು ಆ ಸಂದೇಶದಲ್ಲಿರುವ ಬ್ಲಾಕ್ ಸಂಖ್ಯೆ ಬೇಕು, ಯಾಕೆಂದರೆ ಆಟೋಬ್ಲಾಕ್ ಆದ ಐಪಿ ನಿರ್ವಾಹಕರಿಗೂ ಕಾಣುವುದಿಲ್ಲ.

ನನ್ನ ಸಲಹೆ ಇಷ್ಟು: ಬಾಟ್ ಅಂತ ಖಚಿತವಾದರೆ ಆಟೋಬ್ಲಾಕ್ ಇರಲಿ. ಮನುಷ್ಯರ ಖಾತೆ, ಅದರಲ್ಲೂ ಕಾರ್ಯಾಗಾರದ ದಿನ ತೆರೆದದ್ದು ಅಂತ ಅನುಮಾನ ಬಂದರೆ ಆ ಟಿಕ್ ತೆಗೆಯಿರಿ. ಕಾರ್ಯಾಗಾರ ನಡೆಸುವವರು ಮುಂಚೆಯೇ ಕನ್ನಡ ವಿಕಿಪೀಡಿಯದ ಚರ್ಚೆಯ ಜಾಗವಾದ ಅರಳಿಕಟ್ಟೆಯಲ್ಲೋ ನಿಮ್ಮ ವಿಕಿಯ ಸೂಚನಾ ಪುಟದಲ್ಲೋ ದಿನಾಂಕ, ಕಾಲೇಜಿನ ಹೆಸರು ಬರೆದಿಡಿ. ವಿಕಿಮೀಡಿಯಾದ ವಿಕಿಗಳಲ್ಲಿ ಒಂದು ಐಪಿಯಿಂದ ದಿನಕ್ಕೆ 6 ಖಾತೆ ಮಾತ್ರ ತೆರೆಯಬಹುದು. ಆ ಮಿತಿ ಸಡಿಲಿಸಲು ಕೂಡ ಮುಂಚೆಯೇ ಕೇಳಿಕೊಳ್ಳಬೇಕು.

2019ರಲ್ಲಿ ವಿಕಿಮೀಡಿಯಾ ವಿಕಿಗಳಿಗೆ ಭಾಗಶಃ ಬ್ಲಾಕ್ ಬಂತು. ಒಬ್ಬರನ್ನು ಒಂದು ಪುಟದಿಂದ ಮಾತ್ರ ದೂರ ಇಡಬಹುದು. ಹೇಳಿದರೂ ಕೇಳದೆ ತಮ್ಮ ಸಂಸ್ಥೆಯ ಪುಟವನ್ನೇ ಜಾಹೀರಾತು ಮಾಡುವವರಿಗೆ ಇದು ಸರಿಯಾದ ಅಳತೆ. ಉಳಿದ ವಿಕಿ ಅವರಿಗೆ ತೆರೆದೇ ಇರುತ್ತದೆ.

ಲಿಂಕಿನ ಪಟ್ಟಿ: ನನಗೆ ಎಲ್ಲಕ್ಕಿಂತ ಇಷ್ಟವಾದದ್ದು

ಸ್ಪ್ಯಾಮ್ ಹಾಕುವವರು ಖಾತೆ ಬದಲಿಸಬಹುದು, ಐಪಿ ಬದಲಿಸಬಹುದು. ಪ್ರಚಾರ ಮಾಡಬೇಕಾದ ತಾಣದ ವಿಳಾಸವನ್ನು ಅಷ್ಟು ಸುಲಭವಾಗಿ ಬದಲಿಸಲು ಆಗುವುದಿಲ್ಲ. ಮೀಡಿಯಾವಿಕಿ ಜೊತೆಗೇ ಬರುವ 'ಸ್ಪ್ಯಾಮ್‌ಬ್ಲ್ಯಾಕ್‌ಲಿಸ್ಟ್' ಎಕ್ಸ್‌ಟೆನ್ಶನ್ ಚಾಲೂ ಮಾಡಿದರೆ ಪಟ್ಟಿಯಲ್ಲಿರುವ ತಾಣದ ಲಿಂಕು ಇರುವ ಬರಹ ಉಳಿಯುವುದೇ ಇಲ್ಲ. ವಿಕಿಮೀಡಿಯಾದ ಎಲ್ಲ ವಿಕಿಗಳ ಸಮನ್ವಯಕ್ಕೆ ಇರುವ ಮೆಟಾವಿಕಿಯಲ್ಲಿ ಅದರ ಸಮುದಾಯ ವರ್ಷಗಟ್ಟಲೆ ಕಟ್ಟಿದ ಪಟ್ಟಿ ಇದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ನಿಮ್ಮ ವಿಕಿಗೂ ಅದೇ ಸಿಗುತ್ತದೆ. ಅದರ ಮೇಲೆ ನಿಮ್ಮದೇ ಪಟ್ಟಿ ಸೇರಿಸಬಹುದು.

ತಪ್ಪಾಗಿ ಸಿಕ್ಕಿಬಿದ್ದರೂ ಇಲ್ಲಿ ಪೆಟ್ಟು ಸಣ್ಣದು. ಮನುಷ್ಯನನ್ನು ಹೊರಗೆ ಹಾಕುವುದಿಲ್ಲ, ಆ ಲಿಂಕು ಮಾತ್ರ ಬೇಡ ಅನ್ನುತ್ತದೆ. ತೆಗೆದರೆ ಬರಹ ಉಳಿಯುತ್ತದೆ. ಎರಡು ಕಡೆ ಎಚ್ಚರ ಬೇಕು. ಬಿಟ್.ಲಿ ತರಹದ ಚಿಕ್ಕ ಲಿಂಕುಗಳು ಮೆಟಾ ಪಟ್ಟಿಯಲ್ಲೇ ಇವೆ. ವಾಟ್ಸಾಪ್‌ನಿಂದ ಕಾಪಿ ಮಾಡಿ ಅಂಟಿಸುವ ಹೊಸಬರು ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಹಾಗಾಗಿ ಎಚ್ಚರಿಕೆ ಸಂದೇಶದಲ್ಲಿ 'ಪೂರ್ತಿ ವಿಳಾಸ ಹಾಕಿ' ಅಂತ ಕನ್ನಡದಲ್ಲಿ ಬರೆದಿಡಿ. ಇನ್ನೊಂದು, ಒಂದು ಕೆಟ್ಟ ಬ್ಲಾಗ್ ಕಂಡಿತು ಅಂತ ಇಡೀ ಬ್ಲಾಗ್‌ಸ್ಪಾಟನ್ನೋ ವರ್ಡ್‌ಪ್ರೆಸ್ಸನ್ನೋ ಪಟ್ಟಿಗೆ ಸೇರಿಸಬೇಡಿ. ಶಾಸನ, ಜಾನಪದ, ಊರ ಚರಿತ್ರೆಯ ಬಗ್ಗೆ ಕನ್ನಡದ ಎಷ್ಟೋ ಒಳ್ಳೆಯ ಬರಹಗಳು ಇರುವುದು ಅಲ್ಲೇ. ಆ ಒಂದು ಬ್ಲಾಗಿನ ಪೂರ್ತಿ ಹೆಸರು ಹಾಕಿ ಸಾಕು.

ಫಿಲ್ಟರ್: ಬಲ ಜಾಸ್ತಿ, ಕಣ್ಣೂ ಜಾಸ್ತಿ ಬೇಕು

'ಅಬ್ಯೂಸ್‌ಫಿಲ್ಟರ್' 2009ರಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂತು. ಈಗ ಮೀಡಿಯಾವಿಕಿ ಜೊತೆಗೇ ಸಿಗುತ್ತದೆ. ಯಾರು, ಎಷ್ಟು ಹಳಬರು, ಯಾವ ಪುಟ, ಏನು ಸೇರಿಸಿದರು ಎಲ್ಲವನ್ನೂ ನೋಡಿ ನಿಯಮ ಬರೆಯಬಹುದು. ಕನ್ನಡದ ವಿಕಿಗೆ ಇಲ್ಲೊಂದು ಅನುಕೂಲ ಇದೆ. ಬಾಟ್‌ಗಳು ಬರೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. 'ಹೊಸ ಖಾತೆ, ಮೊದಲ ಬರಹ, ಹೊರಗಿನ ಲಿಂಕು ಇದೆ, ಒಂದೂ ಕನ್ನಡ ಅಕ್ಷರ ಇಲ್ಲ' ಅಂತ ನಿಯಮ ಹಾಕಿದರೆ ಬಾಟ್ ಸ್ಪ್ಯಾಮ್‌ನ ದೊಡ್ಡ ಪಾಲು ಸಿಕ್ಕಿಬೀಳುತ್ತದೆ.

ಅದೇ ನಿಯಮಕ್ಕೆ ಸಿಗುವ ಅಮಾಯಕರು ಯಾರು? ಲೇಖನಕ್ಕೆ ಇಂಗ್ಲಿಷ್ ಪತ್ರಿಕೆಯ ಆಧಾರವೊಂದನ್ನು ಸೇರಿಸಿದ ಹೊಸಬರು. ಅವರು ಮಾಡಿದ್ದು ನಾವು ಎಲ್ಲರಿಗೂ ಕಲಿಸುವ ಒಳ್ಳೆಯ ಕೆಲಸ! ಆಧಾರದ ಟ್ಯಾಗಿನೊಳಗಿನ ಲಿಂಕನ್ನು ನಿಯಮದಿಂದ ಹೊರಗಿಡಿ. ಕೂಲಿಗೆ ಲಿಂಕು ಹಾಕುವವರು ಆ ಸಂದಿಯಲ್ಲಿ ನುಸುಳುತ್ತಾರೆ, ನಿಜ. ಅವರನ್ನು ಕಣ್ಣಿಂದ ಹುಡುಕಬೇಕು. ಈ ಕೊಡು-ಕೊಳ್ಳುವಿಕೆಯಲ್ಲಿ ನಾನು ಹೊಸಬರ ಕಡೆ.

ಪದ ಹುಡುಕುವ ಫಿಲ್ಟರಿನಲ್ಲಿ ಇನ್ನೂ ಜಾಗ್ರತೆ ಬೇಕು. ಇಂಗ್ಲಿಷಿನಲ್ಲಿ ಇದು ಹಳೆಯ ಕಾಟ. 'ಸಿಯಾಲಿಸ್' ಎಂಬ ಮಾತ್ರೆಯ ಹೆಸರನ್ನು ತಡೆದರೆ 'ಸ್ಪೆಷಲಿಸ್ಟ್' ಎಂಬ ಪದದ ಇಂಗ್ಲಿಷ್ ಕಾಗುಣಿತದೊಳಗೂ ಅದೇ ಅಕ್ಷರಗಳಿವೆ. ಕನ್ನಡದಲ್ಲಿ ಹೀಗೆ ಆಗುವುದು ಇನ್ನೂ ಸುಲಭ. ಸಾಲದ ಆ್ಯಪ್‌ಗಳ ಕಾಟಕ್ಕೆ ಬೇಸತ್ತು 'ಸಾಲ' ಎಂಬುದನ್ನು ಫಿಲ್ಟರಿಗೆ ಹಾಕಿದಿರಿ ಅನ್ನಿ. ಕಂಪ್ಯೂಟರಿಗೆ ಕಾಣುವುದು ಸ, ಆ-ಕಾರದ ಚಿಹ್ನೆ, ಲ. ಮಸಾಲೆ ದೋಸೆಯ ಪುಟ ಸಿಕ್ಕಿಬಿತ್ತು. ಸಾಲುಮರದ ತಿಮ್ಮಕ್ಕನವರ ಪುಟವೂ ಸಿಕ್ಕಿಬಿತ್ತು. ಪದದ ಗಡಿಯನ್ನು ಗುರುತಿಸುವ ಚಿಹ್ನೆ ಹಾಕಿದರೆ ಸರಿಹೋಗುತ್ತದೆ ಅಂತ ಇಂಗ್ಲಿಷ್ ಕೈಪಿಡಿಗಳು ಹೇಳುತ್ತವೆ. ನಮ್ಮ ಕಾಗುಣಿತದ ಚಿಹ್ನೆಗಳನ್ನು ಅದು ಅಕ್ಷರವೆಂದು ಎಣಿಸದೆ ಪದದ ನಡುವೆಯೇ ಗಡಿ ಎಳೆಯಬಹುದು. ಅದನ್ನು ನಂಬಬೇಡಿ. ಒಂಟಿ ಪದದ ಬದಲು ಎರಡು ಮೂರು ಲಕ್ಷಣ ಒಟ್ಟಿಗೆ ಇದ್ದರೆ ಮಾತ್ರ ಹಿಡಿಯುವ ಹಾಗೆ ಬರೆಯಿರಿ.

ಹೊಸ ಫಿಲ್ಟರನ್ನು ಒಂದೆರಡು ವಾರ ಏನೂ ತಡೆಯದೆ, ಸಿಕ್ಕಿದ್ದನ್ನು ದಾಖಲಿಸುವುದಕ್ಕೆ ಮಾತ್ರ ಬಿಡಿ. ದಾಖಲೆ ಓದಿ. ಆಮೇಲೆ ಎಚ್ಚರಿಕೆ ತೋರಿಸಲಿ. ಎಚ್ಚರಿಕೆ ಕಂಡ ಮೇಲೂ 'ಉಳಿಸು' ಒತ್ತಿದರೆ ಬರಹ ಉಳಿಯುತ್ತದೆ. ಮನುಷ್ಯರು ಓದಿ ಒತ್ತುತ್ತಾರೆ, ಎಷ್ಟೋ ಬಾಟ್‌ಗಳು ಅಲ್ಲೇ ಬಿಟ್ಟು ಹೋಗುತ್ತವೆ. ಪೂರ್ತಿ ತಡೆ ಅದರ ನಂತರ. ಫಿಲ್ಟರಿಗೆ ತಾನೇ ಖಾತೆ ಬ್ಲಾಕ್ ಮಾಡುವ ಅಧಿಕಾರವನ್ನು ಸಣ್ಣ ವಿಕಿಯಲ್ಲಿ ಕೊಡಲೇಬೇಡಿ. ತಪ್ಪಾದಾಗ ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ಕ್ಯಾಪ್ಚಾ: ಕನ್ನಡದ ಪ್ರಶ್ನೆಯೇ ಒಳ್ಳೆಯದು

ಸೊಟ್ಟ ಇಂಗ್ಲಿಷ್ ಅಕ್ಷರಗಳ ಚಿತ್ರ ತೋರಿಸುವ ಕ್ಯಾಪ್ಚಾ ಕನ್ನಡ ವಿಕಿಗೆ ಹೊಂದುವುದಿಲ್ಲ. ಕನ್ನಡ ಮಾತ್ರ ಓದುವವರಿಗೆ ಕಷ್ಟ. ಎನ್‌ವಿಡಿಎ ತರಹದ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿ ಇಲ್ಲದವರಿಗೆ ಅದು ಗೋಡೆ. ಹೊರಗಿನ ಕಂಪನಿಗಳ ಕ್ಯಾಪ್ಚಾ ಬಾಟ್‌ಗಳ ವಿರುದ್ಧ ಗಟ್ಟಿ, ಆದರೆ ನಿಮ್ಮ ಓದುಗರ ಮಾಹಿತಿ ಆ ಕಂಪನಿಗೆ ಹೋಗುತ್ತದೆ.

'ಕ್ವೆಸ್ಟಿಕ್ಯಾಪ್ಚಾ' ಎಂಬುದರಲ್ಲಿ ಪ್ರಶ್ನೆಯನ್ನು ನೀವೇ ಬರೆಯಬಹುದು. 'ಜೋಗ ಜಲಪಾತ ಯಾವ ನದಿಯದು?' ಅಂತ ಕನ್ನಡದಲ್ಲಿ ಕೇಳಿದರೆ ಸಾಮಾನ್ಯ ಬಾಟ್ ತಡಬಡಾಯಿಸುತ್ತದೆ. ಒಂದು ಉತ್ತರಕ್ಕೆ ಹಲವು ರೂಪ ಒಪ್ಪುವಂತೆ ಹಾಕಬಹುದು, ಹಾಕಲೇಬೇಕು. ಕೀಲಿಮಣೆಯಲ್ಲಿ ಕನ್ನಡ ಇಲ್ಲದವರು ಇಂಗ್ಲಿಷ್ ಅಕ್ಷರದಲ್ಲಿ 'ಶರಾವತಿ' ಬರೆಯುತ್ತಾರೆ. ಉತ್ತರ ಸಂಖ್ಯೆಯಾದರೆ 5, ೫, ಐದು ಮೂರೂ ಸರಿ ಅನ್ನಬೇಕು. 'ಸಾಫ್ಟ್‌ವೇರ್' ತರಹದ ಪದದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಒಬ್ಬರು ಟೈಪ್ ಮಾಡಿದ್ದಕ್ಕೂ ಇನ್ನೊಬ್ಬರದ್ದಕ್ಕೂ ತಾಳೆ ಆಗುವುದಿಲ್ಲ. ಅಂಥ ಪದ ಉತ್ತರವಾಗಿ ಬೇಡ.

ಪ್ರಶ್ನೆ ಸುಲಭ ಇರಲಿ. ಸಾಹಿತ್ಯದ ಪರೀಕ್ಷೆ ಮಾಡಬೇಡಿ. ಕೂಲಿಯವರು ಒಮ್ಮೆ ಉತ್ತರ ಕೊಟ್ಟರೆ ಬಾಟ್‌ಗಳು ಅದನ್ನೇ ಬಳಸುತ್ತವೆ, ಹಾಗಾಗಿ ಆಗಾಗ ಬದಲಿಸಿ. ಈಗಿನ ಎಐ ಬಾಟ್‌ಗಳಿಗೆ ಕನ್ನಡವೂ ಬರುತ್ತದೆ. ಇದೊಂದನ್ನೇ ನಂಬಿ ಕೂರುವ ಕಾಲ ಮುಗಿದಿದೆ. ಹಳಬರಿಗೆ ಕ್ಯಾಪ್ಚಾ ಬೇಡ ಅಂತ ಸೆಟ್ ಮಾಡಲು ಮರೆಯಬೇಡಿ, ಅದು ತಾನಾಗಿ ಆಗುವುದಿಲ್ಲ.

ಉಳಿದವು

ಲಾಗಿನ್ ಕಡ್ಡಾಯ ಮಾಡುವುದರಿಂದ ಜನ ಅಂದುಕೊಂಡಷ್ಟು ಲಾಭ ಇಲ್ಲ. ಬಾಟ್‌ಗಳು ಖಾತೆ ತೆರೆಯುವುದರಲ್ಲಿ ನಿಪುಣರು. ಕಾಗುಣಿತ ತಿದ್ದಿ ಹೋಗುವ ದಾರಿಹೋಕರು ಮಾತ್ರ ನಿಲ್ಲುತ್ತಾರೆ. ಇಮೇಲ್ ದೃಢೀಕರಣ ಇದಕ್ಕಿಂತ ಗಟ್ಟಿ. ಎಲ್ಲರ ಆಂಡ್ರಾಯ್ಡ್ ಫೋನಿನಲ್ಲೂ ಜಿಮೇಲ್ ಇರುತ್ತದೆ, ತೆರೆದು ನೋಡುವವರು ಕಡಿಮೆ. ಅಲ್ಲಿ ಕೆಲವರು ಕಳೆದುಹೋಗುತ್ತಾರೆ.

ಹಳಬರು ಮಾತ್ರ ತಿದ್ದುವಂತೆ ಪುಟಕ್ಕೆ ಅರೆ-ಸಂರಕ್ಷಣೆ ಹಾಕುವವರು ಒಂದು ಸೆಟ್ಟಿಂಗ್ ನೋಡಿಕೊಳ್ಳಿ. ಹೊಸದಾಗಿ ಸ್ಥಾಪಿಸಿದ ಮೀಡಿಯಾವಿಕಿಯಲ್ಲಿ 'ಹಳಬ' ಆಗಲು ಬೇಕಾದ ದಿನವೂ ಸೊನ್ನೆ, ಬರಹದ ಸಂಖ್ಯೆಯೂ ಸೊನ್ನೆ. ಅಂದರೆ ಈಗಷ್ಟೇ ಹುಟ್ಟಿದ ಬಾಟ್ ಖಾತೆಯೂ ಹಳಬನೇ. ಇಂಗ್ಲಿಷ್ ವಿಕಿಪೀಡಿಯದಂತೆ 4 ದಿನ, 10 ಸಂಪಾದನೆ ಅಂತ ಇಟ್ಟರೆ ಸಂರಕ್ಷಣೆಗೂ ಫಿಲ್ಟರಿಗೂ ಅರ್ಥ ಬರುತ್ತದೆ.

ಹೊರಗಿನ ಕಪ್ಪುಪಟ್ಟಿಗಳಿಂದ ಐಪಿ ತಡೆಯುವುದನ್ನು ನಾನು ಬೇಡ ಅನ್ನುತ್ತೇನೆ. ಕೆಲವು ಪಟ್ಟಿಗಳು ಇಮೇಲ್ ಸರ್ವರ್‌ಗಳಿಗಾಗಿ ಮಾಡಿದವು. ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯ ಒಂದು ಪಟ್ಟಿಯಲ್ಲಿ ಮನೆ ಬ್ರಾಡ್‌ಬ್ಯಾಂಡ್ ವಿಳಾಸಗಳನ್ನು ಬೇಕೆಂದೇ ಸೇರಿಸಿರುತ್ತಾರೆ, ಮನೆಯಿಂದ ನೇರ ಮೇಲ್ ಸರ್ವರ್ ನಡೆಸಬಾರದು ಅಂತ. ಅದನ್ನು ವಿಕಿಗೆ ಹಾಕಿದರೆ ತಪ್ಪೇ ಮಾಡದವರು ಮನೆಯಲ್ಲಿ ಕೂತು ಬರೆಯುವ ಹಾಗಿಲ್ಲ. ಹಳೆಯ ಕೈಪಿಡಿಗಳು ಹೇಳುವ ಸೋರ್ಬ್ಸ್ ಪಟ್ಟಿಯಂತೂ 2024ರಲ್ಲೇ ಮುಚ್ಚಿಹೋಗಿದೆ.

ಪರಿಶೀಲಿಸಿ ಪ್ರಕಟಿಸುವ ಪದ್ಧತಿ ಇನ್ನೊಂದು. ಜರ್ಮನ್ ವಿಕಿಪೀಡಿಯದಲ್ಲಿ 2008ರಿಂದ ಹೊಸಬರ ಬದಲಾವಣೆಯನ್ನು ಹಳಬರು ನೋಡಿದ ಮೇಲೆ ಎಲ್ಲರಿಗೂ ತೋರಿಸುತ್ತಾರೆ. ಸಣ್ಣ ವಿಕಿಗೆ 'ಮಾಡರೇಶನ್' ಎಕ್ಸ್‌ಟೆನ್ಶನ್ ಇದೆ. ಯಾರನ್ನೂ ಹೊರಗೆ ಹಾಕುವುದಿಲ್ಲ, ಸ್ಪ್ಯಾಮ್ ಒಂದೂ ಕಾಣುವುದಿಲ್ಲ. ಆದರೆ ಸಾಲಿನಲ್ಲಿ ನಿಂತ ಬರಹ ಎರಡು ವಾರವಾದರೂ ಕದಲದಿದ್ದರೆ ಬರೆದವರಿಗೆ ಅದೂ ಬಾಗಿಲು ಮುಚ್ಚಿದಂತೆಯೇ.

ಹಾಗಾದರೆ ನಿಮಗೆ ಯಾವುದು

ನೋಡಿಕೊಳ್ಳುವವರು ಒಬ್ಬರೇ, ಅಗ್ಗದ ಶೇರ್ಡ್ ಹೋಸ್ಟಿಂಗ್, ತಿಂಗಳಿಗೆ ಹತ್ತಿಪ್ಪತ್ತು ಬದಲಾವಣೆ. ಇಂಥ ಊರಿನ ಅಥವಾ ಮನೆತನದ ವಿಕಿಗೆ ಕನ್ನಡ ಪ್ರಶ್ನೆಯ ಕ್ಯಾಪ್ಚಾ ಮತ್ತು ಪರಿಶೀಲನೆಯ ಸಾಲು ಸಾಕು. ವಾರಕ್ಕೆರಡು ಸಲ ಸಾಲು ನೋಡುತ್ತೇನೆ ಅಂತ ಮಾತು ಕೊಟ್ಟುಕೊಳ್ಳಿ. ಫಿಲ್ಟರ್ ಬರೆಯುವ ಗೋಜು ಬೇಡ. ಮಿರಾಹೀಜ್ ತರಹದ ಉಚಿತ ವಿಕಿ ತಾಣದಲ್ಲಿದ್ದರೆ ಸರ್ವರ್ ಮುಟ್ಟದೆ ಸೆಟ್ಟಿಂಗ್ ಪುಟದಿಂದಲೇ ಹಲವು ಎಕ್ಸ್‌ಟೆನ್ಶನ್ ಚಾಲೂ ಮಾಡಬಹುದು.

ನಾಲ್ಕೈದು ಜನ ನಿರ್ವಾಹಕರಿದ್ದು ದಿನಾ ಬರಹ ಬರುವ ವಿಕಿಗೆ ಪರಿಶೀಲನೆಯ ಸಾಲು ಬೇಡ, ಅದು ಉತ್ಸಾಹ ಕೊಲ್ಲುತ್ತದೆ. ಲಿಂಕಿನ ಪಟ್ಟಿ, ಎಚ್ಚರಿಕೆ ಕೊಡುವ ಒಂದೆರಡು ಫಿಲ್ಟರ್, ಖಾತೆ ಬ್ಲಾಕ್. ಫಿಲ್ಟರಿನ ದಾಖಲೆ ಓದುವ ಕೆಲಸವನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿ.

ಕಾಲೇಜು ವಿಕಿಗೆ ಐಪಿ ಬ್ಲಾಕ್ ಮತ್ತು ಆಟೋಬ್ಲಾಕ್ ಎರಡನ್ನೂ ದೂರ ಇಡಿ. ಕ್ಯಾಂಪಸ್ಸೇ ಒಂದು ವಿಳಾಸ. ಖಾತೆಗಳನ್ನು ಅಧ್ಯಾಪಕರೇ ತೆರೆದುಕೊಡುವುದು ಅಲ್ಲಿ ಎಲ್ಲಕ್ಕಿಂತ ಸುಲಭ.

ಕನ್ನಡ, ತುಳು ವಿಕಿಪೀಡಿಯ ಅಥವಾ ವಿಕಿಸೋರ್ಸ್‌ನ ನಿರ್ವಾಹಕರಾದರೆ ಎಕ್ಸ್‌ಟೆನ್ಶನ್ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಸ್ಥಳೀಯ ಪಟ್ಟಿ, ಫಿಲ್ಟರ್, ಬ್ಲಾಕ್ ಇವೆ. ಹಲವು ವಿಕಿಗಳಲ್ಲಿ ಒಂದೇ ಲಿಂಕು ಹಾಕುವ ಖಾತೆ ಕಂಡರೆ ಇಲ್ಲಿ ಬ್ಲಾಕ್ ಮಾಡಿ ಸುಮ್ಮನಾಗಬೇಡಿ. ಮೆಟಾವಿಕಿಯಲ್ಲಿ, ಎಲ್ಲ ವಿಕಿಗಳಲ್ಲೂ ಅಧಿಕಾರ ಇರುವ ಸ್ಟೀವರ್ಡ್‌ಗಳಿಗೆ ತಿಳಿಸಿ. ಅವರು ಖಾತೆಯನ್ನು ಎಲ್ಲ ಕಡೆ ಮುಚ್ಚಬಲ್ಲರು.

ಯಾವುದನ್ನು ಆರಿಸಿಕೊಂಡರೂ ಈ ಎರಡು ಕೆಲಸ ಇವತ್ತೇ ಮಾಡಬಹುದು. ಲಾಗಿನ್ ಇಲ್ಲದೆ, ಬೇರೆ ಫೋನಿನಿಂದ, ಪಟ್ಟಿಯಲ್ಲಿರುವ ಒಂದು ಲಿಂಕು ಹಾಕಿ ನೋಡಿ. ಬರುವ ಸಂದೇಶ ನಿಮ್ಮ ಅಮ್ಮನಿಗೋ ಅಜ್ಜನಿಗೋ ಅರ್ಥವಾಗುವ ಹಾಗಿದೆಯಾ? 'ನೀವು ಸ್ಪ್ಯಾಮರ್' ಅನ್ನುವಂತಿದ್ದರೆ ಬದಲಿಸಿ: 'ಈ ಲಿಂಕು ಇಲ್ಲಿ ಹಾಕಲು ಬರುವುದಿಲ್ಲ. ಅದನ್ನು ತೆಗೆದು ಉಳಿಸಿ. ತಪ್ಪಾಗಿ ತಡೆದಿದ್ದೇವೆ ಅನ್ನಿಸಿದರೆ ಇಲ್ಲಿ ತಿಳಿಸಿ' ಅಂತ ಬರೆದು ನಿಜವಾಗಿ ಯಾರಾದರೂ ಓದುವ ಒಂದು ಪುಟದ ಅಥವಾ ಇಮೇಲ್‌ನ ವಿಳಾಸ ಕೊಡಿ. ಆಮೇಲೆ ನಿಮ್ಮ ವಿಕಿಯ ಬ್ಲಾಕ್ ಪಟ್ಟಿ ತೆರೆಯಿರಿ. ಅವಧಿಯ ಜಾಗದಲ್ಲಿ 'ಅನಂತ' ಅಂತಿರುವ ಐಪಿ ವಿಳಾಸಗಳನ್ನು ಹುಡುಕಿ, ಒಂದೊಂದಾಗಿ ಬಿಡಿಸಿ. ಅವುಗಳನ್ನು ಅಂದು ಬಳಸಿದವರ ಕೈಯಲ್ಲಿ ಇಂದು ಆ ವಿಳಾಸ ಇರುವ ಸಂಭವ ಬಹಳ ಕಡಿಮೆ.